ಸಮುದ್ರ ಮನೆಯಲ್ಲಿಲ್ಲದ ಶನಿವಾರ

ಒನೆಹುಂಗಾ, ಅಡುಗೆಮನೆ

ಪದ್ದತ್ತೆಗೆ ಎಪ್ಪತ್ತನಾಲ್ಕು ವರ್ಷ. ಊರಲ್ಲಿದ್ದಾಗ ಅವರು ನಾಲ್ಕು ಸಲ ಸಮುದ್ರದ ಮುಂದೆ ಹೋಗಿ ನಿಂತವರು. ಒಂದು ಸಲವೂ ಮುಟ್ಟಲಿಲ್ಲ. ಕಾರಣ ಭಯವಲ್ಲ, ಪಂಚಾಂಗ. ಹುಣ್ಣಿಮೆ, ಅಮಾವಾಸ್ಯೆಯಂಥ ಪರ್ವದಿನಗಳಲ್ಲಲ್ಲದೆ ಸಮುದ್ರವನ್ನು ಮುಟ್ಟಬಾರದು ಎನ್ನುವುದು ಅವರ ಮನೆಯ ಕಟ್ಟುನಿಟ್ಟು. ಮದುವೆಯಾದ ಹೊಸದರಲ್ಲಿ ಉಡುಪಿಗೆ ಹೋದಾಗ, ಮಲ್ಪೆಯ ದಂಡೆಯಲ್ಲಿ ಅವರ ಗಂಡ, ಅಂದರೆ ನಮ್ಮ ಮಾವ, ಬೆರಳು ಮಡಿಸಿ ಎಣಿಸಿ, "ಇವತ್ತು ದಶಮಿ. ಮುಂದಿನ ಸಲ ನೋಡೋಣ" ಎಂದರಂತೆ. ಗೋಕರ್ಣಕ್ಕೆ ಸರಿಯಾಗಿ ಅಮಾವಾಸ್ಯೆ ನೋಡಿಕೊಂಡೇ ಹೋದರು. ಬಸ್ಸಿಳಿಯುವಷ್ಟರಲ್ಲಿ ದಾಯಾದಿಯೊಬ್ಬರು ತೀರಿಕೊಂಡ ಸುದ್ದಿ ಬಂದು ಸೂತಕ ಹಿಡಿಯಿತು. ರಾಮೇಶ್ವರದಲ್ಲಿ ತಿಥಿಯ ತಕರಾರೇ ಇಲ್ಲ, ಆದರೆ ಬೆಳಗ್ಗೆ ಎದ್ದರೆ ಅತ್ತೆ ಹೊರಗಾಗಿದ್ದರು. ಕನ್ಯಾಕುಮಾರಿಯಲ್ಲಿ ಎಲ್ಲವೂ ಕೂಡಿಬಂದಿತ್ತು. ಅಲೆ ಜೋರೆಂದು ಪೊಲೀಸರು ಹಗ್ಗ ಕಟ್ಟಿ ನಿಂತಿದ್ದರು. ಮಾವ ಹೋಗಿ ಆರು ವರ್ಷವಾಯಿತು. ಅವರು ಹೇಳಿದ "ಮುಂದಿನ ಸಲ" ಮಾತ್ರ ಹಾಗೇ ಉಳಿದಿತ್ತು.

ನಾನು ಅತ್ತೆಯ ಅಣ್ಣನ ಮಗಳು, ಗಿರಿಜಾ. ಮೈಸೂರಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತಳಾದವಳು. ಈ ಸಂಗತಿಯನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮುಂದೆ ನನ್ನ ಮಾನ ಹೋಗುವುದು ಇದರಿಂದಲೇ. ಅತ್ತೆಯ ಮಗಳು ಶ್ರೀಲತಾ, ಅಳಿಯ ಮಂಜು, ಒಂಬತ್ತು ವರ್ಷದ ಮೊಮ್ಮಗಳು ಅನ್ವಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ, ಒನೆಹುಂಗಾ ಎಂಬ ಬಡಾವಣೆಯಲ್ಲಿದ್ದಾರೆ. ಅಮ್ಮನನ್ನು ಒಬ್ಬಳನ್ನೇ ವಿಮಾನ ಹತ್ತಿಸಲು ಶ್ರೀಲತಾಗೆ ಧೈರ್ಯ ಬರಲಿಲ್ಲ. ಮನೆಯಲ್ಲಿ ಸುಮ್ಮನೆ ಕೂತಿದ್ದ ನಾನು ಅವಳ ಕಣ್ಣಿಗೆ ಬಿದ್ದೆ.

ಹೊರಡುವಾಗಲೇ ಅತ್ತೆ ತೀರ್ಮಾನಿಸಿದ್ದರು. ನಾವು ಅಲ್ಲಿರುವಾಗ ಪುಷ್ಯ ಮಾಸದ ಅಮಾವಾಸ್ಯೆ ಬರುತ್ತದೆ, ಅವತ್ತು ಸಮುದ್ರಸ್ನಾನ ಆಗಲೇಬೇಕು. ಅದಕ್ಕೆಂದೇ ಪಂಚಾಂಗ, ಅರಿಶಿನ ಕುಂಕುಮದ ಪೊಟ್ಟಣ, ಒಂದು ಹಿಡಿ ದರ್ಭೆ ಪೆಟ್ಟಿಗೆ ಸೇರಿದವು. ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಕೈಗವಸು ತೊಟ್ಟ ಹುಡುಗಿಯೊಬ್ಬಳು ಆ ದರ್ಭೆಯನ್ನು ಎತ್ತಿ ಹಿಡಿದು, ಇದನ್ನು ತಿನ್ನುತ್ತೀರಾ ಎಂದು ಕೇಳಿದಳು. ಇಲ್ಲ ಎಂದೆ. ಹಾಗಾದರೆ ನೆಡುತ್ತೀರಾ ಎಂದಳು. ಅದೂ ಇಲ್ಲ ಎಂದೆ. ತಿನ್ನದ, ನೆಡದ ಹುಲ್ಲನ್ನು ಇಷ್ಟು ದೂರ ಹೊತ್ತು ತಂದವರನ್ನು ಅವಳು ಅದುವರೆಗೆ ಕಂಡಿರಲಿಲ್ಲವೆಂದು ತೋರುತ್ತದೆ. ಹೊರದೇಶದ ಹುಲ್ಲು, ಬೀಜ, ಮಣ್ಣು ಯಾವುದನ್ನೂ ಈ ದೇಶ ಒಳಗೆ ಬಿಡುವುದಿಲ್ಲ. ನಮ್ಮ ಚಪ್ಪಲಿಯ ಅಡಿಯನ್ನೂ ತಿರುಗಿಸಿ ನೋಡಿ, ದರ್ಭೆಯನ್ನು ಡಬ್ಬಿಗೆ ಹಾಕಿ, ನಗುನಗುತ್ತಲೇ ಕಳಿಸಿಕೊಟ್ಟಳು. ಅತ್ತೆ ಬೇಜಾರು ಮಾಡಿಕೊಳ್ಳುತ್ತಾರೆಂದು ನಾನು ಹೆದರಿದ್ದೆ. ಅವರು ಹಿಂದಕ್ಕೆ ತಿರುಗಿ ನೋಡಿ, "ಎಷ್ಟು ಮಡಿ ನೋಡೇ ಇವರದು" ಎಂದು ಮೆಚ್ಚಿಕೊಂಡರು.

ಆಕ್ಲೆಂಡ್ ಎರಡು ಸಮುದ್ರಗಳ ನಡುವೆ ಸಿಕ್ಕಿಕೊಂಡಿರುವ ಊರು. ಯಾವ ರಸ್ತೆಯಲ್ಲಿ ಇಳಿಜಾರು ಹಿಡಿದು ನಡೆದರೂ ಕೊನೆಗೆ ಸಿಗುವುದು ನೀರು. ತರಕಾರಿ ತರಲು ಹೋದರೂ ಸಮುದ್ರ, ಅನ್ವಿಯ ಡಾನ್ಸ್ ಕ್ಲಾಸಿಗೆ ಹೋದರೂ ಸಮುದ್ರ. ಮೈಸೂರಿನಲ್ಲಿ ಎಲ್ಲಿ ತಲೆಯೆತ್ತಿದರೂ ಚಾಮುಂಡಿ ಬೆಟ್ಟ ಕಾಣುವುದಿಲ್ಲವೇ, ಹಾಗೆ. ಅತ್ತೆ ಸೀರೆಯ ಕೆಳಗೆ ಮಗಳು ಕೊಡಿಸಿದ ಬಿಳಿ ಶೂ ಹಾಕಿಕೊಂಡು ದಂಡೆಯಲ್ಲಿ ನಿಲ್ಲುವರು. ಅಲೆ ಒಂದು ಹೆಜ್ಜೆ ಮುಂದೆ ಬಂದರೆ ಇವರು ಎರಡು ಹೆಜ್ಜೆ ಹಿಂದೆ. "ಕಮ್ ಆನ್ ಅಜ್ಜಿ" ಎಂದು ಅನ್ವಿ ಕೈ ಜಗ್ಗುವಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಇವತ್ತು ಬೇಡ ಪುಟ್ಟ. ಅಮಾವಾಸ್ಯೆ ದಿನ ಇಬ್ರೂ ಹೋಗೋಣ."

"ಬಟ್ ಇಟ್ಸ್ ರೈಟ್ ಹಿಯರ್."

"ಇರ್ಲಿ ಬಿಡು. ಅದೆಲ್ಲಿಗೆ ಹೋಗುತ್ತೆ?"

ಈ ಮಾತನ್ನೂ ಓದುಗರು ನೆನಪಿಟ್ಟುಕೊಳ್ಳಬೇಕು.

ಅತ್ತೆಯ ಮಂಡಿಗಳ ಬಗ್ಗೆ ಮೈಸೂರಿನ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು, ಇದಾದ ಮೇಲೆ ದೂರದ ಪ್ರಯಾಣ ಸಾಕು ಎಂದು. ಒಂದು ಸಂಜೆ ಅಡುಗೆಮನೆಯಲ್ಲಿ ಇಬ್ಬರೂ ಫ್ರೀಜರಿನ ಅವರೆಕಾಳು ಹಿಚುಕುತ್ತಾ ಕೂತಿದ್ದಾಗ ಅವರು ತಲೆಯೆತ್ತದೆ ಹೇಳಿದರು, "ಇದೊಂದು ತಪ್ಪಿದ್ರೆ ನನಗೆ ಇನ್ನೊಂದು ಸಮುದ್ರ ಸಿಗಲ್ಲ ಗಿರಿಜ." ಅತ್ತೆ ಏನನ್ನೂ ಕೇಳುವವರಲ್ಲ. ಅವರು ಕೇಳಿದ್ದು ಇದೊಂದೇ ಆದ್ದರಿಂದ ನನಗೆ ಕಾಳಿನ ಮೇಲೆ ಗಮನ ನಿಲ್ಲಲಿಲ್ಲ. ಹೇಗಾದರೂ ಇದನ್ನು ನಡೆಸಿಕೊಡಲೇಬೇಕೆಂದು ಅಲ್ಲೇ ಮನಸ್ಸಿನಲ್ಲಿ ಅಂದುಕೊಂಡೆ.

ಮಂಜು ಸಾಫ್ಟ್‌ವೇರಿನವನು. ಪ್ಲಾನ್ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಅವನ ಮುಖ ಅರಳುತ್ತದೆ. ಎರಡು ದಿನದ ಪ್ರವಾಸಕ್ಕೆ ಅವನು ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಕೋಷ್ಟಕ ತೆರೆದ. ಮಳೆಗೆ ಒಂದು ಕಾಲಂ, ಗಾಳಿಗೆ ಒಂದು, ಬಿಸಿಲಿನ ಕಾವಿಗೆ ಒಂದು, ಅವನ ಆಫೀಸಿನ ಮೀಟಿಂಗುಗಳಿಗೆ ಒಂದು.

"ಶುಕ್ರವಾರ ಸಂಜೆ ಹೊರಡೋಣ ಅತ್ತೆ. ಶನಿವಾರ ಅಮಾವಾಸ್ಯೆ ಅಲ್ವಾ, ಬೆಳಗ್ಗೆನೇ ಸ್ನಾನ ಮುಗಿಸಿಬಿಡಿ" ಎಂದ, ಗೋಡೆಯ ಮೇಲಿದ್ದ ಮೈಸೂರಿನ ಕ್ಯಾಲೆಂಡರ್ ನೋಡಿ.

"ಶನಿವಾರ ರಾಹುಕಾಲ ಒಂಬತ್ತಕ್ಕೇ ಶುರು ಕಣಪ್ಪ. ಅದಕ್ಕೆ ಮುಂಚೆ ಆಗ್ಬೇಕು."

ಮಂಜು ಮರುಮಾತಾಡದೆ ರಾಹುಕಾಲಕ್ಕೂ ಒಂದು ಕಾಲಂ ಸೇರಿಸಿ ಕೆಂಪು ಬಣ್ಣ ಬಳಿದ.

ಉಳಿಯುವುದಕ್ಕೆ ಮನೆ ಕೊಟ್ಟವನು ಪಕ್ಕದ ಮನೆಯ ಡೆರೆಕ್. ಇಂಗ್ಲೆಂಡಿನ ಕಡಲ ದಂಡೆಯ ಊರೊಂದರಲ್ಲಿ ಹುಟ್ಟಿ, ಪ್ರಾಯದಲ್ಲಿ ಇಲ್ಲಿಗೆ ಬಂದು ನೆಲೆಸಿದ ಮುದುಕ. ಶ್ರೀಲತಾ ಹಬ್ಬಹಬ್ಬಕ್ಕೆ ಕೊಡುವ ಕೋಡುಬಳೆಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಾನೆ. ಅದನ್ನು ನೋಡಲಾಗದೆ ಅತ್ತೆ ಮುಖ ತಿರುಗಿಸುತ್ತಾರೆ. ಅವನಿಗೊಂದು ಬ್ಯಾಚ್ ಇದೆ. ಇಲ್ಲಿಯವರು ರಜಕ್ಕೆಂದು ನೀರಿನ ಪಕ್ಕ ಇಟ್ಟುಕೊಳ್ಳುವ ಪುಟ್ಟ ಮನೆಗೆ ಬ್ಯಾಚ್ ಎನ್ನುತ್ತಾರೆ. ಆಕ್ಲೆಂಡಿನಿಂದ ಒಂದು ಗಂಟೆಯ ದಾರಿ, ಥೇಮ್ಸ್ ಕೊಲ್ಲಿಯ ದಂಡೆ.

"ಥೇಮ್ಸ್ ಲಂಡನ್ನಿನದಲ್ವೇನೇ? ಇಲ್ಲಿಗ್ಯಾಕೆ ಬಂತು?" ಎಂದು ಅತ್ತೆ ನನ್ನನ್ನು ಕೇಳಿದರು.

ಬಂದ ಇಂಗ್ಲಿಷರು ಮನೆ ನೆನಪಾದಾಗಲೆಲ್ಲ ಕಂಡ ಕಂಡ ನೀರಿಗೆ ತಮ್ಮೂರಿನ ಹೆಸರಿಟ್ಟರು ಎಂದು ಪಾಠದ ದನಿಯಲ್ಲಿ ವಿವರಿಸಿದೆ. ಭೂಗೋಳದ ಪ್ರಶ್ನೆಗಳಿಗೆ ನನ್ನ ಬಳಿ ಆಗಿನ್ನೂ ಉತ್ತರಗಳಿದ್ದವು.

ಬೀಗದ ಕೈ ಕೊಡುವಾಗ ಡೆರೆಕ್ ಎರಡೇ ಮಾತು ಹೇಳಿದ. ಶನಿವಾರ ನಾಲ್ಕು ಗಂಟೆಗೆ ತಾನು ಗೆಳೆಯರನ್ನು ಕಟ್ಟಿಕೊಂಡು ಮೀನು ಹಿಡಿಯಲು ಬರುತ್ತೇನೆ, ಅಷ್ಟರಲ್ಲಿ ಮನೆ ಬಿಡಬೇಕು. ಎರಡನೆಯದು, ಮೆಟ್ಟಿಲಿಳಿದರೆ ಸಮುದ್ರ, ಹುಡುಕುವ ಕೆಲಸವೇ ಇಲ್ಲ. ಮೂರನೆಯ ಮಾತೊಂದನ್ನು ಅವನು ಹೇಳಲಿಲ್ಲ. ಕಡಲೂರಿನವನಿಗೆ ಅದು ಹೇಳಬೇಕಾದ ಮಾತು ಅನ್ನಿಸಿರಲಿಕ್ಕಿಲ್ಲ.

ದಾರಿ

ಇಲ್ಲಿಯ ಜನ ಬ್ಯಾಚಿಗೆ ಹೊರಟರೆ ಕಾರಿನ ನೆತ್ತಿಯ ಮೇಲೆ ದೋಣಿ ಕಟ್ಟಿಕೊಳ್ಳುತ್ತಾರೆ. ನಾವು ಕುಕ್ಕರ್ ಇಟ್ಟುಕೊಂಡೆವು. ಒಂದು ರಾತ್ರಿ, ಒಂದು ಹಗಲಿಗೆಂದು ಅತ್ತೆ ಕಟ್ಟಿಸಿದ್ದು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಕೋಡುಬಳೆ, ಹೆಪ್ಪಿನ ಮೊಸರು, ಬತ್ತಿ, ಎಣ್ಣೆ, ಕಾಯಿತುರಿಯುವ ಮಣೆ. ಆ ಊರಲ್ಲಿ ಅನ್ನ ಸಿಗದೇ ಹೋದರೆ ಊರವರಿಗೂ ಬಡಿಸಿ ಬರುವಷ್ಟಿತ್ತು. ಹಸಿರು ಗುಡ್ಡ, ಗುಡ್ಡದ ತುಂಬ ಹಸು, ಮತ್ತೆ ಗುಡ್ಡ. ಮನುಷ್ಯರೆಲ್ಲಿ ಎಂದು ಅತ್ತೆ ದಾರಿಯುದ್ದಕ್ಕೂ ಕೇಳುತ್ತಿದ್ದರು. ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಅದರ ತುಂಬ ಬರೀ ಸ್ವರಗಳು. ಅತ್ತೆಯ ಬಾಯಲ್ಲಿ ಒಂದೊಂದು ಸಲ ಒಂದೊಂದು ಊರಾಗುತ್ತಿತ್ತು. ದಂಡೆಯಲ್ಲಿ ಮರಳಿನ ಬದಲು ಬಿಳಿ ಚಿಪ್ಪಿನ ರಾಶಿ ಇರುವುದರಿಂದ ಕೊನೆಗೆ ನಾವು ಅದನ್ನು ಚಿಪ್ಪಿನೂರು ಎಂದು ಕರೆದೆವು.

ಶುಕ್ರವಾರ ಸಂಜೆ

ಡೆರೆಕ್ ಸುಳ್ಳು ಹೇಳಿರಲಿಲ್ಲ. ಮನೆ, ಮನೆಯ ಮುಂದೆ ನಾಲ್ಕು ಮೆಟ್ಟಿಲು, ಹುಲ್ಲು, ಚಿಪ್ಪಿನ ದಿಬ್ಬ, ಅದಕ್ಕೆ ತಾಗಿಕೊಂಡೇ ಸಮುದ್ರ. ತುಂಬಿದ ಸಮುದ್ರ. ಆಚೆ ದಂಡೆಯ ನೀಲಿ ಬೆಟ್ಟಗಳ ತನಕ ಒಂದೇ ಸಮ ಹಾಸಿಕೊಂಡಿತ್ತು. ಇಷ್ಟು ಸಾಧುವಾದ ಸಮುದ್ರವನ್ನು ನಾನು ನೋಡಿಯೇ ಇರಲಿಲ್ಲ. ಹಗ್ಗ ಕಟ್ಟಲು ಪೊಲೀಸರಂತೂ ಇಲ್ಲವೇ ಇಲ್ಲ.

ಅತ್ತೆ ಕಾರಿನಿಂದ ಇಳಿದವರು ಒಳಗೇ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು, ಹೊಸದಾಗಿ ಮನೆಗೆ ಬಂದ ಸೊಸೆಯನ್ನು ನೋಡುವ ಹಾಗೆ ನೀರನ್ನು ನೋಡುತ್ತಿದ್ದರು. "ನಾಳೆ" ಎಂದು ಒಮ್ಮೆ ತಮ್ಮಷ್ಟಕ್ಕೆ ಹೇಳಿಕೊಂಡರು. ರಾತ್ರಿ ಮಲಗುವ ಮುನ್ನ ನಾಳೆಗೆಂದು ಹತ್ತಿಯ ಸೀರೆ ಮಡಿಸಿಟ್ಟು, ಅದರ ಮೇಲೆ ಕುಂಕುಮದ ಪೊಟ್ಟಣ ಇಟ್ಟು, ಶೂವನ್ನು ಮಂಚದ ಕೆಳಗೆ ದೂರಕ್ಕೆ ತಳ್ಳಿದರು. ನನಗೆ ಅವರಿಗಿಂತ ಹೆಚ್ಚು ಸಂಭ್ರಮವಾಗಿತ್ತು.

ಶನಿವಾರ ಬೆಳಗ್ಗೆ

ಬೆಟ್ಟದ ಹಿಂದಿನಿಂದ ಸೂರ್ಯ ಬರುತ್ತಿದ್ದ. ಸಮುದ್ರ ನಿನ್ನೆ ಸಂಜೆಯಂತೆಯೇ ತುಂಬಿ, ದಿಬ್ಬಕ್ಕೆ ಮೆಲ್ಲಗೆ ತಟ್ಟುತ್ತಿತ್ತು. ಗಾಳಿ ಇಲ್ಲ, ಮಳೆ ಇಲ್ಲ, ರಾಹುಕಾಲಕ್ಕೆ ಬೇಕಾದಷ್ಟು ಹೊತ್ತಿದೆ. ಮಂಜು ತನ್ನ ಕೋಷ್ಟಕದ ಮೇಲೆ ಕೈಯಾಡಿಸಿ ಅವನೇ ಸೂರ್ಯನನ್ನು ಎಬ್ಬಿಸಿದಂತೆ ಬೀಗುತ್ತಾ ನಿಂತಿದ್ದ. ಸಂಕಲ್ಪ ಹೇಳಿಸಲು ಮೈಸೂರಿನ ಭಟ್ಟರು ಫೋನಿನಲ್ಲಿ ಬರಬೇಕೆಂದು ಮೊದಲೇ ಮಾತಾಗಿತ್ತು. ಕರೆ ಹೋಯಿತು. ಭಟ್ಟರ ಮುಖ ಕತ್ತಲೆಯಲ್ಲಿ ಕಂಡಿತು, ಹಾಸಿಗೆಯ ಮೇಲಿದ್ದರು.

"ಶುರು ಮಾಡೋಣ್ವಾ ಭಟ್ರೇ?" ಎಂದಳು ಶ್ರೀಲತಾ.

"ಏನಮ್ಮ, ಈಗ್ಲೇನಾ?"

"ಸ್ನಾನಕ್ಕೆ ಅಮ್ಮ ರೆಡಿ ಆಗಿದಾರೆ. ಇವತ್ತು ಶನಿವಾರ ಅಲ್ವಾ, ಅಮಾವಾಸ್ಯೆ."

ಭಟ್ಟರು ಕಣ್ಣುಜ್ಜಿಕೊಂಡರು. "ನಿಮಗೆ ಶನಿವಾರ ತಾಯಿ. ನಮಗಿಲ್ಲಿ ಇನ್ನೂ ಶುಕ್ರವಾರ ರಾತ್ರಿ. ಚತುರ್ದಶಿ ನಡೀತಿದೆ. ಅಮಾವಾಸ್ಯೆ ಹಿಡಿಯೋದು ಬೆಳಗಿನ ಜಾವಕ್ಕೆ."

"ಅಂದ್ರೆ ಇಲ್ಲಿ ಎಷ್ಟು ಹೊತ್ತಿಗೆ?"

"ಅದನ್ನ ಲೆಕ್ಕ ಹಾಕೋರು ನಿಮ್ಮ ಹತ್ರ ಯಾರಾದ್ರೂ ಇದಾರಾ?"

ಎಲ್ಲರೂ ನನ್ನ ಕಡೆ ತಿರುಗಿದರು. ರೇಖಾಂಶ ಎಂದರೇನು, ಪೂರ್ವದ ದೇಶಗಳಲ್ಲಿ ದಿನ ಮೊದಲು ಹುಟ್ಟುವುದೇಕೆ ಎಂದು ನಾನು ಎಷ್ಟು ಮಕ್ಕಳಿಗೆ ಬರೆಸಿದ್ದೇನೋ ಲೆಕ್ಕವಿಲ್ಲ. ಆದರೆ ಅಡುಗೆಮನೆಯ ಗೋಡೆಯ ಮೇಲೆ ಮೈಸೂರಿನ ಕ್ಯಾಲೆಂಡರು ತೂಗುತ್ತಿದ್ದರೆ ಮನಸ್ಸಿಗೆ ಮೈಸೂರಿನಲ್ಲೇ ಇದ್ದೇವೆ ಅನ್ನಿಸಿಬಿಡುತ್ತದೆ. ಬೆರಳು ಮಡಿಸಿ ಎಣಿಸಿದೆ. ಅಮಾವಾಸ್ಯೆ ಇಲ್ಲಿಗೆ ಬರುವುದು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ. ಭಟ್ಟರು ಆಕಳಿಸಿ, ಆಗ ಫೋನ್ ಮಾಡಿ ಎಂದು ಮಲಗಿದರು.

ಶ್ರೀಲತಾಗೆ ತಡೆಯಲಾಗಲಿಲ್ಲ. "ಅಮ್ಮ, ನೀರು ಇಲ್ಲೇ ಇದೆ. ಯಾರು ನೋಡ್ತಾರೆ? ಹೋಗಿ ಕಾಲಿಟ್ಟು ಬಾ. ಅಪ್ಪ ಇದ್ದಾಗಲಂತೂ ಆಗಲಿಲ್ಲ, ಈಗಲಾದ್ರೂ..."

ಅತ್ತೆ ಮೆಟ್ಟಿಲ ಮೇಲೆ ಕೂತರು. ಕೋಪವಿರಲಿಲ್ಲ. "ನಿಮ್ಮಪ್ಪ ಇದ್ದಾಗ ಮುಟ್ಟಲಿಲ್ಲ. ಈಗ ಅವರಿಲ್ಲ ಅಂತ ಮುಟ್ಟಿದ್ರೆ, ಇಷ್ಟು ವರ್ಷ ಅವರ ಹೆದರಿಕೆಗೆ ಸುಮ್ಮನಿದ್ದೆ ಅಂತ ಆಗುತ್ತೆ. ನಾನು ನನ್ನ ಮನಸ್ಸಿಂದ ಇದ್ದೋಳು. ಮಧ್ಯಾಹ್ನ ತಾನೇ, ಎಷ್ಟೊತ್ತು ಮಹಾ."

ನಾವೂ ಮಧ್ಯಾಹ್ನ ತಾನೇ ಎಂದುಕೊಂಡೆವು. ಅನ್ವಿ ಚಿಪ್ಪು ಆಯುತ್ತಾ ಕೂತಳು. ಮಂಜು ಒಳಗೆ ಹೋಗಿ ಕೋಷ್ಟಕ ತಿದ್ದಿದ. ನಾನೂ ಶ್ರೀಲತಾಳೂ ಅಡುಗೆಗೆ ಇಳಿದೆವು. ತಿಂಡಿ ಮುಗಿಸಿ ಹೊರಗೆ ಬಂದಾಗ ನೀರು ಸ್ವಲ್ಪ ಕೆಳಗಿಳಿದಂತಿತ್ತು. ಎಲ್ಲೋ ಒಂದು ಕಡೆ ನನ್ನ ಮನಸ್ಸು ಚುರುಕ್ ಎಂದಿರಬೇಕು. ಆದರೆ ಅಷ್ಟರಲ್ಲಿ ಕುಕ್ಕರ್ ಕೂಗಿತು.

ಶನಿವಾರ ಮಧ್ಯಾಹ್ನ

ಅಮಾವಾಸ್ಯೆ ಬಂತು. ಅತ್ತೆ ಹತ್ತಿಯ ಸೀರೆ ಉಟ್ಟು, ಪೊಟ್ಟಣ ಹಿಡಿದು, ಬರಿಗಾಲಲ್ಲಿ ಬಾಗಿಲ ಹೊರಗೆ ಬಂದರು. ಅನ್ವಿ ಮೆಟ್ಟಿಲ ಕೆಳಗೆ ಬೆನ್ನು ಮಾಡಿ ನಿಂತಿದ್ದಳು.

"ಅಜ್ಜಿ, ವೇರ್ ಈಸ್ ದ ಸೀ?"

ಸಮುದ್ರ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಕೆಸರು ಇತ್ತು. ಕಣ್ಣು ಹಾಯುವ ತನಕ ಬೂದು ಬಣ್ಣದ, ಹೊಳೆಯುವ, ನುಣ್ಣನೆಯ ಕೆಸರು. ಬೆಳಗ್ಗೆ ತೇಲುತ್ತಿದ್ದ ದೋಣಿಗಳು ಪಕ್ಕಕ್ಕೆ ವಾಲಿ ಮಲಗಿದ್ದವು. ಉದ್ದ ಕೊಕ್ಕಿನ ಹಕ್ಕಿಗಳು ಅವಸರವಿಲ್ಲದೆ ಕೆಸರು ಚುಚ್ಚುತ್ತಾ ಓಡಾಡಿಕೊಂಡಿದ್ದವು. ನೀರೆಂಬುದು ಬಹಳ ದೂರದಲ್ಲಿ ಒಂದು ಬಿಳಿ ಗೆರೆಯಾಗಿತ್ತು.

ಅತ್ತೆ ಮಂಜುವನ್ನು ಕೇಳಲಿಲ್ಲ, ನೇರ ನನ್ನನ್ನೇ ಕೇಳಿದರು. "ಎಲ್ಲಿಗೆ ಹೋಯ್ತು?"

"ಇಳಿತ ಅತ್ತೆ. ದಿನಕ್ಕೆ ಎರಡು ಸಲ ಬರುತ್ತೆ, ಎರಡು ಸಲ ಹೋಗುತ್ತೆ."

"ಇಷ್ಟು ದೂರ ಹೋಗುತ್ತಾ?"

"ದಿನಾ ಇಷ್ಟು ಹೋಗಲ್ಲ. ಸೂರ್ಯ ಚಂದ್ರ ಇಬ್ರೂ ಒಂದೇ ಸಾಲಲ್ಲಿ ನಿಂತು ಎಳೀತಾರಲ್ಲ, ಅಮಾವಾಸ್ಯೆ ಹುಣ್ಣಿಮೆಗೆ ಜಾಸ್ತಿ."

ಅತ್ತೆ ಒಂದು ಕ್ಷಣ ಯೋಚಿಸಿದರು. "ಅಂದ್ರೆ, ಮುಟ್ಟಬಹುದಾದ ದಿನವೇ ಅತೀ ದೂರ ಹೋಗುತ್ತೆ."

"ಹೌದು ಅತ್ತೆ."

"ಇದು ನಿನಗೆ ಮೊದಲೇ ಗೊತ್ತಿತ್ತಾ?"

"ಮೂವತ್ತು ವರ್ಷದಿಂದ ಗೊತ್ತಿತ್ತು."

ಯಾರೂ ನಗಲಿಲ್ಲ, ಅದೇ ಕಷ್ಟವಾಯಿತು. ಒಂಬತ್ತನೇ ತರಗತಿಯ ಪ್ರತಿ ಪರೀಕ್ಷೆಯಲ್ಲೂ ನಾನು ಕೇಳುತ್ತಿದ್ದ ಪ್ರಶ್ನೆ ಅದು, ಚಿತ್ರ ಬರೆದರೆ ಪೂರ್ತಿ ಅಂಕ. ಆದರೆ ನನ್ನ ಸಮುದ್ರ ಕಪ್ಪು ಹಲಗೆಯ ಮೇಲಿನ ಸುಣ್ಣದಕಡ್ಡಿಯ ಗೆರೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ಎಲ್ಲಿಗೂ ಹೋಗುವುದಿಲ್ಲ. ಬೆಳಗ್ಗೆ ಬಿಟ್ಟಲ್ಲೇ ಸಂಜೆ ಸಿಗುತ್ತದೆ. ಮಂಜುವಿನ ಕೋಷ್ಟಕದಲ್ಲಿ ರಾಹುವಿಗೂ ಜಾಗವಿತ್ತು, ಸಮುದ್ರಕ್ಕೆ ಇರಲಿಲ್ಲ.

ಮಂಜು ಏನಾದರೂ ಮಾಡಲೇಬೇಕೆಂದು ಬಚ್ಚಲಿನ ಬಕೆಟ್ ಹಿಡಿದು ಸಮುದ್ರ ತರಲು ಹೊರಟ. ಹತ್ತು ಹೆಜ್ಜೆಗೆ ಪಾದ ಹೂತಿತು, ಇಪ್ಪತ್ತಕ್ಕೆ ಮಂಡಿ. ಆಮೇಲೆ ಅವನು ಮುಂದೆಯೂ ಹೋಗಲಾರದೆ, ಹಿಂದೆಯೂ ಬರಲಾರದೆ, ಬಕೆಟ್ಟನ್ನು ಎದೆಗವಚಿಕೊಂಡು ನಿಂತ. ಹಕ್ಕಿಗಳು ಅವನನ್ನು ಬಳಸಿಕೊಂಡು ಹೋದವು. ಕೊನೆಗೆ ಕೂತು, ತೆವಳಿ, ಒಂದು ಚಪ್ಪಲಿಯನ್ನು ಥೇಮ್ಸ್ ಕೊಲ್ಲಿಗೆ ಒಪ್ಪಿಸಿ ಬಂದ. ಬಕೆಟ್ಟಿನ ತಳದಲ್ಲಿ ಒಂದು ಏಡಿ ಇತ್ತು.

"ತಂದಿದ್ರೂ ಬೇಡ ಇತ್ತು ಕಣೋ" ಎಂದು ಅತ್ತೆ ಅವನ ತಲೆಗೆ ನೀರು ಹುಯ್ಯುತ್ತಾ ಹೇಳಿದರು. "ಬಕೆಟ್ಟಿಗೆ ಬಂದ ಮೇಲೆ ಅದು ಸಮುದ್ರ ಅಲ್ಲ. ಉಪ್ಪುನೀರು."

ಮೈ ತೊಳೆದುಕೊಂಡ ಮೇಲೆ ಮಂಜು ಫೋನಿನಲ್ಲಿ ಹುಡುಕಿ ಹೇಳಿದ, ನೀರು ಪೂರ್ತಿ ತುಂಬುವುದು ಸಂಜೆಗೆ. ನಾವು ನಾಲ್ಕಕ್ಕೆ ಮನೆ ಬಿಡಬೇಕು. ಬೇರೆ ಬೀಚಿಗೆ ಹೋಗೋಣ ಅತ್ತೆ, ಕಾರು ಹತ್ತಿ, ಎಲ್ಲಾದರೂ ನೀರಿರುತ್ತೆ ಎಂದು ಅವಸರಿಸಿದ. ಅತ್ತೆ ಅಡ್ಡಡ್ಡ ತಲೆಯಾಡಿಸಿಬಿಟ್ಟರು.

"ಸಮುದ್ರದ ಹಿಂದೆ ಓಡೋಕೆ ನನ್ನ ಮಂಡಿ ಕೇಳಲ್ಲ. ಹೋಗಿರೋದು ಬರುತ್ತೆ ಅಂತ ಗಿರಿಜ ಹೇಳ್ತಿದಾಳಲ್ಲ. ಇಲ್ಲೇ ಕಾಯ್ತೀನಿ."

ನನ್ನ ಮಾತಿನ ಮೇಲೆ ಅವರಿಗೆ ಇನ್ನೂ ನಂಬಿಕೆ ಇತ್ತು. ಅದನ್ನು ಕೇಳಿ ನನಗೆ ಅಳು ಬಂದಂತಾಯಿತು, ಪಾತ್ರೆ ತೊಳೆಯಲು ಒಳಗೆ ಹೋದೆ.

ಕಾರಿನೊಳಗೆ

ಮನೆ ಗುಡಿಸಿ, ಒರೆಸಿ, ಬೀಗ ಹಾಕಿ, ಐದು ಜನ ಕಾರಿನಲ್ಲಿ ಕೂತೆವು. ಕಾರಿನ ಮೂತಿ ಕೆಸರಿನ ಕಡೆ. ಬಿಸಿಲು ಎಷ್ಟು ಚುರುಕಾಗಿತ್ತೆಂದರೆ ಹೊರಗೆ ನಿಲ್ಲುವ ಹಾಗಿರಲಿಲ್ಲ. ಆಗ ಗಮನಿಸಿದೆ, ದಂಡೆಯುದ್ದಕ್ಕೂ ಇನ್ನೂ ನಾಲ್ಕಾರು ಕಾರುಗಳು ಹೀಗೇ ಕೆಸರಿಗೆ ಮುಖ ಮಾಡಿ ನಿಂತಿದ್ದವು. ಒಳಗೆ ವಯಸ್ಸಾದ ಗಂಡ ಹೆಂಡತಿ, ಕೈಯಲ್ಲಿ ಫ್ಲಾಸ್ಕಿನ ಚಹಾ, ಮಾತಿಲ್ಲ, ಕತೆಯಿಲ್ಲ, ಸುಮ್ಮನೆ ನೋಡುತ್ತಾ ಕೂತಿದ್ದಾರೆ. ನಮ್ಮಲ್ಲಿ ಗಂಡ ಹೆಂಡತಿ ಹೀಗೆ ಕೂತರೆ ಜಗಳವಾಗಿದೆ ಎಂದೇ ಅರ್ಥ. ಪಕ್ಕದ ಕಾರಿನ ಹೆಂಗಸು ಗಾಜು ಇಳಿಸಿ, ಹಕ್ಕಿ ನೋಡಲು ಬಂದಿರಾ ಎಂದು ಕೇಳಿದಳು. ಅವು ಅಲಾಸ್ಕಾದಿಂದ ಎಲ್ಲೂ ಇಳಿಯದೆ ಹಾರಿ ಬರುತ್ತವಂತೆ. ಇಲ್ಲ, ಸಮುದ್ರ ನೋಡಲು ಎಂದೆ. ಅವಳು ಒಮ್ಮೆ ಕೆಸರನ್ನೂ ಒಮ್ಮೆ ನನ್ನನ್ನೂ ನೋಡಿ, ಪಾಪ ಎನ್ನುವಂತೆ ಒಂದು ಬಿಸ್ಕತ್ತು ಕೊಟ್ಟಳು.

ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ ಅತ್ತೆ ಮೆಲ್ಲಗೆ ಮಾತಾಡಿದರು. "ನಿಮ್ಮ ಮಾವನಿಗೂ ಆಸೆ ಇತ್ತು ಕಣೇ. ಮಲ್ಪೆಯಲ್ಲಿ ಪಂಚೆ ಎತ್ತಿ ಕಟ್ಟಿಕೊಂಡಿದ್ರು. ಆಮೇಲೆ ದಶಮಿ ಅಂತ ನೆನಪಾಗಿ ಇಳಿಸಿದ್ರು. ಅವರೂ ಮುಟ್ಟಲಿಲ್ಲ, ಗೊತ್ತಾ. ಕೊನೇವರೆಗೂ ಮುಟ್ಟಲಿಲ್ಲ."

ನನಗೆ ಗೊತ್ತಿರಲಿಲ್ಲ. ಬೇಡ ಎಂದವರು ಮಾವ ಎಂದಷ್ಟೇ ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ಪಂಚೆ ಎತ್ತಿ ಕಟ್ಟಿ ನಿಂತ ಆ ತರುಣನನ್ನು ನೆನೆದು ಮನಸ್ಸು ಭಾರವಾಯಿತು.

ಡೆರೆಕ್ ಹೇಳಿದ ಹೊತ್ತಿಗೆ ಸರಿಯಾಗಿ, ಬಲೆ ಗಾಳಗಳನ್ನು ತುಂಬಿಕೊಂಡ ಗೆಳೆಯರ ಪಿಕಪ್ ಗಾಡಿಯಲ್ಲಿ ಬಂದಿಳಿದ. ಬೀಗದ ಕೈ ಕೊಟ್ಟ ಮೇಲೂ ನಾವು ಹೋಗದಿರುವುದನ್ನು ಕಂಡು ಕಾರಿನ ಬಳಿ ಬಂದ. ಶ್ರೀಲತಾ ಎಲ್ಲವನ್ನೂ ಹೇಳಿದಳು: ದಶಮಿ, ಸೂತಕ, ಹಗ್ಗ, ಚತುರ್ದಶಿ, ಕೆಸರು. ನಗುತ್ತಾನೆಂದು ನಾನು ಕಾದೆ. ಅವನು ನಗಲಿಲ್ಲ.

ತನ್ನೂರು ಇರುವುದು ಅಸಲಿ ಥೇಮ್ಸ್ ನದಿ ಸಮುದ್ರ ಸೇರುವಲ್ಲಿ, ಅಲ್ಲಿಯೂ ಥೇಟ್ ಇದೇ ಕೆಸರು ಎಂದ. ಲಂಡನ್ನಿನಿಂದ ರೈಲು ಹತ್ತಿ ಸಮುದ್ರ ನೋಡಲು ಬಂದವರಿಗೆ ಅರ್ಧ ದಿನ ಅದು ಮನೆಯಲ್ಲಿ ಇರುತ್ತಿರಲಿಲ್ಲವಂತೆ.

"ಆಗ ಏನು ಮಾಡ್ತಿದ್ರಂತೆ ಕೇಳು" ಎಂದರು ಅತ್ತೆ.

"ಚಹಾ ಕುಡೀತಾ ಕಾಯ್ತಿದ್ದರು. ಒಂದು ಸಲವೂ ಅದು ಬರದೆ ಇದ್ದಿಲ್ಲ" ಎಂದು ಡೆರೆಕ್ ಉತ್ತರಿಸಿದ. ಆಮೇಲೆ ಒಳಗಿನಿಂದ ಮಡಿಸುವ ಕುರ್ಚಿಯೊಂದನ್ನು ತಂದು, ಚಿಪ್ಪಿನ ದಿಬ್ಬದ ಕೆಳಗೆ, ಹಿಂದಿನ ಉಬ್ಬರ ಬಿಟ್ಟುಹೋದ ಒಣ ಸಮುದ್ರಪಾಚಿಯ ಗೆರೆಗಿಂತ ಎರಡು ಮಾರು ಮುಂದೆ ಅಳೆದು ಹಾಕಿದ. ಇಲ್ಲಿ ಕೂರಿಸಿ, ಇವರು ಹೋಗುವುದು ಬೇಡ, ಅದೇ ಇವರ ಹತ್ತಿರ ಬರುತ್ತದೆ ಎಂದ. ಅಷ್ಟು ಹೇಳಿ ಚಹಾ ಮಾಡಲು ಹೋದ. ಅತ್ತೆ ಚಹಾದ ಜೊತೆಗೆ ಅವನಿಗೆ ಕೋಡುಬಳೆ ಕಳಿಸಿದರು. ಅವನು ಅದ್ದಿದಾಗ ಈ ಸಲ ಮುಖ ತಿರುಗಿಸಲಿಲ್ಲ.

ಸಂಜೆ

ಮೈಸೂರಿನಲ್ಲಾಗಿದ್ದರೆ ಆ ಹೊತ್ತಿಗೆ ದೀಪ ಹಚ್ಚಿರುತ್ತಿದ್ದೆವು. ಕತ್ತಲಾದ ಮೇಲೆ ಸ್ನಾನ ಸಲ್ಲದೆಂದು ಇನ್ನೊಂದು ತಕರಾರು ಏಳುತ್ತಿತ್ತು. ಆದರೆ ಇದು ಜನವರಿ, ಇಲ್ಲಿಯ ನಡುಬೇಸಿಗೆ. ರಾತ್ರಿ ಊಟದ ಹೊತ್ತಾದರೂ ಬಿಸಿಲು ಹೋಗುವುದಿಲ್ಲ. ಇದೊಂದು ಭೂಗೋಳ ಮಾತ್ರ ನಮ್ಮ ಕಡೆಗಿತ್ತು.

ನೀರು ಬಂದದ್ದು ಗೊತ್ತೇ ಆಗಲಿಲ್ಲ. ಅಲೆಯಿಲ್ಲ, ಸದ್ದಿಲ್ಲ. ಮೊದಲು ದೂರದ ಕೆಸರು ಹೊಳೆಯಿತು, ಆಮೇಲೆ ಸಣ್ಣ ಸಣ್ಣ ಕಾಲುವೆಗಳು ತುಂಬಿದವು, ವಾಲಿದ್ದ ದೋಣಿಗಳು ಒಂದೊಂದಾಗಿ ನೆಟ್ಟಗಾದವು. ಹಕ್ಕಿಗಳು ಹಿಂದೆ ಹಿಂದೆ ಸರಿದು ನಮ್ಮ ಹತ್ತಿರಕ್ಕೆ ಬಂದವು. ಅತ್ತೆ ಕುರ್ಚಿಯಲ್ಲಿ, ಕುಂಕುಮದ ಪೊಟ್ಟಣ ಮಡಿಲಲ್ಲಿಟ್ಟುಕೊಂಡು, ಎರಡೂ ಪಾದ ಚಿಪ್ಪಿನ ಮೇಲೆ ಜೋಡಿಸಿಕೊಂಡು ಕೂತಿದ್ದರು. ನಾವು ಹಿಂದೆ ನಿಂತಿದ್ದೆವು. ಡೆರೆಕ್ ಮತ್ತು ಅವನ ಗೆಳೆಯರು ಮೀನಿನ ಕೆಲಸ ಬಿಟ್ಟು ಮೆಟ್ಟಿಲ ಮೇಲೆ ಲೋಟ ಹಿಡಿದು ನಿಂತಿದ್ದರು.

ಒಂದು ಗೇಣು ಉಳಿಯಿತು. ಆಮೇಲೆ ನಾಲ್ಕು ಬೆರಳು. ಅತ್ತೆ ಬಗ್ಗಿ ನೀರನ್ನು ಬೆರಳ ತುದಿಯಿಂದ ಮುಟ್ಟಿ, ಕಣ್ಣಿಗೊತ್ತಿಕೊಂಡು, ತಲೆಗೆ ಚಿಮುಕಿಸಿಕೊಂಡರು. ಅಷ್ಟರಲ್ಲಿ ಅದು ಪಾದಕ್ಕೆ ಬಂತು. ಅವರು ಬೆಚ್ಚಿ ಎರಡೂ ಕಾಲನ್ನು ಮೇಲೆತ್ತಿಬಿಟ್ಟರು. ಕಾಲುಗಳು ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತವು, ಮತ್ತೆ ಮೆಲ್ಲಗೆ ನೀರಿಗಿಳಿದವು.

"ಬಂದ್ಯಾ" ಎಂದರು, ತಡವಾಗಿ ಮನೆಗೆ ಬಂದ ಮಗುವನ್ನು ಕೇಳುವಂತೆ.

ಶ್ರೀಲತಾ ಕಣ್ಣೊರೆಸಿಕೊಂಡು ಫೋನ್ ತೆಗೆದಳು. ಭಟ್ಟರು ಈ ಸಲ ಹಗಲು ಬೆಳಕಿನಲ್ಲಿ, ವಿಭೂತಿ ಇಟ್ಟುಕೊಂಡು ಸಿದ್ಧವಾಗಿ ಕೂತಿದ್ದರು. "ಅಮ್ಮ, ಸಂಕಲ್ಪ ಹೇಳಿಸ್ತಾರಂತೆ. ಶುರು ಮಾಡಿಸ್ಲಾ?"

ಅತ್ತೆ ಹಿಂದಿರುಗಿ ನೋಡಲಿಲ್ಲ. ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು, ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿಕೊಂಡರು. ಕಾಲಿನ ಹೆಬ್ಬೆರಳಿನಿಂದ ನೀರನ್ನು ಒಮ್ಮೆ ಚಿಮ್ಮಿ ನೋಡಿದರು.

"ತಡಿ" ಎಂದರು. "ಮೊದ್ಲು ಸ್ವಲ್ಪ ಹೊತ್ತು ಆಡ್ತೀನಿ."

ಅನ್ವಿ ಅಷ್ಟರಲ್ಲಾಗಲೇ ನೀರಿಗಿಳಿದು ಅಜ್ಜಿಯ ಕೈ ಹಿಡಿದಿದ್ದಳು. ಭಟ್ಟರು ಮೈಸೂರಿನಲ್ಲಿ ಕಾಯುತ್ತಾ ಕೂತರು. ಅವರೂ ಸ್ವಲ್ಪ ಕಾಯಲಿ ಎಂದು ನಾನೂ ಶೂ ಬಿಚ್ಚಿದೆ.